ದಲ್ಲಾಳಿಗಳು ಮೆಟ್ಟಿಲು ಹತ್ತಬಾರದು

ಗುರುವಾರ ಮಧ್ಯಾಹ್ನ ಒಂದೂಕಾಲಿಗೆ, ಠಾಣೆಯಲ್ಲಿ ಊಟದ ಡಬ್ಬಿಗಳು ಆಗಷ್ಟೇ ಬಾಯಿ ತೆರೆಯುತ್ತಿದ್ದಾಗ, ಅಂಗಿಯ ತೋಳಿಗೆ ರಕ್ತ ಮೆತ್ತಿಕೊಂಡಿದ್ದ ಗಂಡಸೊಬ್ಬ ಒಳಗೆ ಬಂದು ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತ. ರಕ್ತ ಅವನದಲ್ಲ, ಅವನ ತಂದೆಯದು. ತಂದೆ ನಿವೃತ್ತ ಪೋಸ್ಟ್‌ಮಾಸ್ಟರು. ಬೆಳಿಗ್ಗೆ ಒಂದು ಮನೆಯ ವ್ಯಾಪಾರ ಮುಗಿಸಲು ಹೋಗಿದ್ದರು. ಮಹಡಿಯಿಂದ ಇಳಿಯುವಾಗ ಮೆಟ್ಟಿಲಿನ ಕಂಬಿ ಕಿತ್ತು ಬಂದು, ಕಂಬಿಯ ಜೊತೆಗೇ ಕೆಳಗೆ ಬಿದ್ದರು. ಸೊಂಟದ ಮೂಳೆ ಮುರಿದಿದೆ, ಹಣೆಗೆ ಹೊಲಿಗೆ ಹಾಕಿದ್ದಾರೆ, ಇನ್ನು ಎದ್ದು ಓಡಾಡುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ.

"ಆ ಮನೆಯವಳಿಗೆ ಗೊತ್ತಿತ್ತು. ಕೊಳೆತ ಮನೆಯನ್ನ ನಮ್ಮ ತಲೆಗೆ ಕಟ್ಟೋಕೆ ನೋಡಿದ್ಲು. ಬ್ರೋಕರ್ ಇಲ್ಲ, ಏನಿಲ್ಲ. ಅವಾಗಲೇ ನಮಗೆ ಬುದ್ಧಿ ಬರಬೇಕಿತ್ತು" ಎಂದ.

ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡಳು. ಮನೆಯ ಒಡತಿಯ ನಿರ್ಲಕ್ಷ್ಯದಿಂದ ಗಂಭೀರ ಗಾಯ ಎಂದು ಎರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಡಬ್ಬಿಯನ್ನು ಮುಚ್ಚಿ ಜೀಪು ಹತ್ತಿದಳು. ದಫೇದಾರ ಮಾತ್ರ ಒಂದು ತುತ್ತು ಬಾಯಲ್ಲಿಟ್ಟುಕೊಂಡೇ ಹತ್ತಿದ.

ಮನೆ ಎರಡು ಬೀದಿ ಕೂಡುವ ಮೂಲೆಯಲ್ಲಿತ್ತು. ನೆಲದ ಮಟ್ಟದಲ್ಲಿ ಸೈಕಲ್ ರಿಪೇರಿ ಅಂಗಡಿ. ಅದರ ಮಗ್ಗುಲಿಂದ ಕಡಿದಾದ ಮೆಟ್ಟಿಲುಗಳು ಮೇಲೇರಿ, ನಡುವೆ ಒಮ್ಮೆ ತಿರುಗಿ, ಮಹಡಿಯ ಬಾಗಿಲಿಗೆ ಮುಟ್ಟುತ್ತಿದ್ದವು. ಮೊದಲ ಮೆಟ್ಟಿಲಿನ ಪಕ್ಕದ ಗೋಡೆಗೆ ತಗಡಿನ ಹಲಗೆ. ಅದರ ಮೇಲೆ ಕೈಬರಹ: "ಮನೆ ಮಾರಾಟಕ್ಕಿದೆ. ಒಡತಿಯನ್ನೇ ಕೇಳಿ. ದಲ್ಲಾಳಿಗಳು ಮೆಟ್ಟಿಲು ಹತ್ತಬಾರದು."

"ಬಾಯಿ ಜೋರು ಅನ್ಸುತ್ತೆ" ಎಂದ ದಫೇದಾರ.

ಬಾಯಿ ಜೋರಾಗಿರಲಿಲ್ಲ. ಒಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು, ಬೀದಿಗೆಲ್ಲ ಕನ್ನಡಕದಕ್ಕ. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಮೇಲಿನ ಬಾಗಿಲಲ್ಲಿ ಎರಡೂ ಕೈ ಸೆರಗಲ್ಲಿ ಸುತ್ತಿಕೊಂಡು ನಿಂತಿದ್ದಳು. ಕೇಳಿದ್ದಕ್ಕೆ ಮಾತ್ರ ಉತ್ತರ. ತಿರುವಿನ ಮೇಲಿನ ಕಂಬಿ ಒಂದು ತುದಿಯಲ್ಲಿ ಮಾತ್ರ ಸಿಕ್ಕಿಕೊಂಡು ಗಾಳಿಯಲ್ಲಿ ನೇತಾಡುತ್ತಿತ್ತು.

ಪಂಚನಾಮೆಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ದಫೇದಾರ ಎದುರಿನ ಔಷಧಿ ಅಂಗಡಿಯವನನ್ನೂ ಕೆಳಗಿನ ಸೈಕಲ್ ಅಂಗಡಿಯವನನ್ನೂ ಕರೆತಂದ. ಸೈಕಲ್ ಅಂಗಡಿಯವನು ಐವತ್ತರ ಆಸುಪಾಸಿನ ಗಟ್ಟಿ ಆಳು, ನಯವಾದ ದನಿ. ತಾನಾಗಿಯೇ ಟಾರ್ಚು ತಂದು ಹಿಡಿದ. ತುಕ್ಕು ತಿಂದು ಹೋಗಿತ್ತು ಮೇಡಂ, ನಾನೇ ಅಕ್ಕನಿಗೆ ಎಷ್ಟೋ ಸಲ ಹೇಳಿದ್ದೆ, ಪಾಪ, ಅವರಿಗೆ ಪುರುಸೊತ್ತಿಲ್ಲ ಎಂದು ಮೆಲ್ಲಗೆ ಹೇಳಿದ. ಕನ್ನಡಕದಕ್ಕ ಅವನ ಮುಖ ನೋಡಿದಳು, ತನ್ನ ನೆನಪಿನ ಮೇಲೇ ಅನುಮಾನ ಬಂದವಳ ಹಾಗೆ. 

ಕಂಬಿಯನ್ನು ಹಿಡಿದಿಡುತ್ತಿದ್ದ ಎರಡು ನಟ್ಟುಗಳು ತಿರುವಿನ ಹೂಕುಂಡದ ಹಿಂದೆ ಸಿಕ್ಕವು. ಚೀಟಿ ಬರೆದು, ಲಕೋಟೆಗೆ ಹಾಕಿ, ಅರಗು ಒತ್ತಿದರು. ಪಂಚರಿಬ್ಬರೂ ಸಹಿ ಹಾಕಿದರು.

ಠಾಣೆಗೆ ಕರೆತಂದು ಕೂರಿಸಿದ ಮೇಲೆ ಕನ್ನಡಕದಕ್ಕನ ಮಾತು ಸ್ವಲ್ಪಸ್ವಲ್ಪವೇ ಬಿಚ್ಚಿಕೊಂಡಿತು. ಹತ್ತೊಂಬತ್ತರ ಮಗಳೊಬ್ಬಳಿದ್ದಾಳೆ. ಎರಡು ವರ್ಷದ ಹಿಂದೆ ಲಾರಿ ಗುದ್ದಿ ಕಾಲು ಎರಡೂ ಸ್ವಾಧೀನದಲ್ಲಿಲ್ಲ. ಅವತ್ತಿಂದ ಹುಡುಗಿ ಮಹಡಿಯಲ್ಲೇ. ವಾರಕ್ಕೊಮ್ಮೆ, ಬುಧವಾರ, ಆಸ್ಪತ್ರೆಯ ವ್ಯಾಯಾಮಕ್ಕೆ ಕೆಳಗಿನ ಸೈಕಲ್ ಅಂಗಡಿಯವನು ಬೆನ್ನ ಮೇಲೆ ಹೊತ್ತು ಇಳಿಸುತ್ತಾನೆ, ಹೊತ್ತು ಹತ್ತಿಸುತ್ತಾನೆ. ದೇವರಂಥ ಮನುಷ್ಯ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನೆಲದ ಮಟ್ಟದ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿದೆ, ಒಂದು ಮೆಟ್ಟಿಲೂ ಇಲ್ಲ, ಗಾಲಿಕುರ್ಚಿ ಹಾಸಿಗೆಯಿಂದ ನೇರ ಬೀದಿಗೇ ಉರುಳುತ್ತದೆ. ಈ ಮನೆ ಕೊಟ್ಟರೆ ಅದು ಕೊಳ್ಳಬಹುದು. ಆ ಮನೆಯವರು ಶನಿವಾರ ಸಂಜೆಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದಾರೆ.

"ಕಂಬಿ ಕೆಟ್ಟಿದ್ದು ಪೋಸ್ಟ್‌ಮಾಸ್ಟರಿಗೆ ಯಾಕೆ ಹೇಳ್ಲಿಲ್ಲ?"

"ಕೆಟ್ಟಿರಲಿಲ್ಲ ಮೇಡಂ. ಕೆಟ್ಟಿದ್ದೆಲ್ಲ ಹೇಳಿದೀನಿ. ಬಚ್ಚಲ ನಲ್ಲಿ ಸೋರುತ್ತೆ ಅಂದೆ. ಪಡುವಣದ ಗೋಡೆ ಮಳೆಗೆ ಬೆವರುತ್ತೆ ಅಂದೆ. ಬಂದೋರಿಗೆಲ್ಲ ಮೊದಲು ಅದನ್ನೇ ಹೇಳೋದು. ಈ ಮನೇಲಿ ಗಟ್ಟಿ ಇರೋದು ಕಂಬಿ ಒಂದೇ. ಅದನ್ನ ಕೆಳಗೇ ಎರಡು ಕೈಲಿ ಹಿಡಿದು, ಜೋತುಬಿದ್ದು ತೋರಿಸ್ತೀನಿ. ನಿನ್ನೆ ಮೊನ್ನೆವರೆಗೂ ತೋರಿಸಿದೀನಿ."

ಇಷ್ಟಕ್ಕೂ ಬ್ರೋಕರನ್ನು ಯಾಕೆ ಹಿಡಿಯಲಿಲ್ಲ ಎಂದು ದಫೇದಾರ ಕೇಳಿದ. ಒಬ್ಬ ಬಂದಿದ್ದ, ಸೋರುವ ಗೋಡೆಗೆ ಬಣ್ಣ ಬಳಿದು ತೋರಿಸು ಅಂದ, ಮಗಳನ್ನು ಜನ ಬಂದಾಗ ಬೇರೆ ಮನೆಗೆ ಸಾಗಿಸು, ಅಪಶಕುನ ಅಂದುಕೊಳ್ಳುತ್ತಾರೆ ಅಂದ, ಅವತ್ತೇ ಹಲಗೆ ಬರೆಸಿದೆ ಎಂದಳು. ಹೇಳುವಾಗ ಮೊದಲ ಸಲ ಅವಳ ದನಿ ಏರಿತು. ಇನ್ಸ್‌ಪೆಕ್ಟರಿಗೂ ಸಿಟ್ಟು ಬಂತು. ಆದರೆ ಸಿಟ್ಟು ಸಾಕ್ಷಿಯಲ್ಲ. ನಾಳೆ ಕರೆದಾಗ ಬರಬೇಕು ಎಂದು ಕಳಿಸಿದಳು.

ಆ ಬ್ರೋಕರನನ್ನು ಪೇಟೆ ಪರ್ಸೆಂಟಣ್ಣ ಎಂದು ಕರೆಯುತ್ತಿತ್ತು. ಹಲಗೆ ಗೋಡೆಗೇರಿದ ದಿನವೇ ಅವನು ಚಹಾದಂಗಡಿಯಲ್ಲಿ, ಈ ಮನೆ ಅವಳಾಗಿ ಮಾರಿದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಹತ್ತು ಜನರ ಮುಂದೆ ಪಂಥ ಕಟ್ಟಿದ್ದನಂತೆ. ಶುಕ್ರವಾರ ಬೆಳಿಗ್ಗೆ ಅವನನ್ನು ಕರೆಸಿದರು. ಮೀಸೆ ಇನ್ನೂ ಇತ್ತು.

"ಗುರುವಾರ ವ್ಯಾಪಾರ ಮುಗಿಯುತ್ತೆ ಅಂತ ಗೊತ್ತಿತ್ತಾ?"

"ಪೇಟೆಗೇ ಗೊತ್ತಿತ್ತು. ಆ ಯಮ್ಮ ಮನೆ ಮಾರೋ ರೀತಿ, ಹಣ್ಣಿನವಳು ಕೊಳೆತದ್ದನ್ನೇ ಮೇಲಿಟ್ಕೊಂಡು ಕೂತಂಗೆ. ಅಂಥಾದ್ರಲ್ಲೂ ಒಬ್ಬ ಸಿಕ್ಕ ಅಂದ್ರೆ ನಾನೇ ಬೆರಗಾದೆ."

"ನಟ್ಟು ಬಿಚ್ಚಿದ್ದು ಯಾರು?"

"ನಾನು ಹೊಟ್ಟೆಪಾಡಿಗೆ ಬಾಯಿ ಬಿಚ್ತೀನಿ ಮೇಡಂ, ನಟ್ಟು ಬಿಚ್ಚಲ್ಲ. ಆ ಮೆಟ್ಟಿಲು ಎಷ್ಟಿವೆ ಅಂತಾನೂ ಗೊತ್ತಿಲ್ಲ. ಹತ್ತಬಾರದು ಅಂತ ಬರೆದಿದಾಳಲ್ಲ."

ಅವನನ್ನು ಹೊರಗೆ ಕೂರಿಸಿ ಇನ್ಸ್‌ಪೆಕ್ಟರ್ ಯೋಚಿಸಿದಳು. ಕಿಡಿಗೇಡಿ ಹಾಳುಮಾಡಬೇಕೆಂದರೆ ಕೈಗೆ ಮೊದಲು ಸಿಗುವುದನ್ನು ಹಾಳುಮಾಡುತ್ತಾನೆ. ಕೆಳಗಿನ ಕಂಬಿ ಅಲುಗಿರಲಿಲ್ಲ. ಕನ್ನಡಕದಕ್ಕ ಜೋತುಬಿದ್ದು ತೋರಿಸುವುದು ಕೆಳಗಿನ ಕಂಬಿಗೆ. ಬಿಚ್ಚಿದ್ದು ತಿರುವಿನ ಮೇಲಿನದು, ಅವಳು ಎಂದೂ ಅಲುಗಿಸಿ ತೋರಿಸದಿದ್ದದ್ದು. ಅವಳು ಮನೆ ತೋರಿಸುವುದನ್ನು ಕೂತು ನೋಡಿದವನಿಗೆ ಮಾತ್ರ ಗೊತ್ತಾಗುವ ವಿಷಯ ಅದು. ಬಿಚ್ಚಿದ್ದು ನಿಜವೋ, ಅಥವಾ ತುಕ್ಕೋ? ನ್ಯಾಯಾಲಯದ ಒಪ್ಪಿಗೆಗೆ ಕಾಯುವ ಪ್ರಯೋಗಾಲಯದ ದಾರಿ ದೂರದ್ದು. ಇನ್ಸ್‌ಪೆಕ್ಟರ್ ಇಬ್ಬರು ಹೊಸ ಪಂಚರನ್ನು ಕೂರಿಸಿ, ಅವರೆದುರೇ ಲಕೋಟೆ ಒಡೆದು, ನಟ್ಟುಗಳನ್ನು ಬಿಳಿ ಹಾಳೆಯ ಮೇಲೆ ಸುರಿದಳು.

ತುಕ್ಕಿನ ಹೆಸರಿಲ್ಲ. ಹೊರಮೈಗೆ ಹಳೆಯ ಹಸಿರು ಬಣ್ಣ; ಮೂಲೆಗಳು ಒಂದಿಷ್ಟೂ ಸವೆದಿಲ್ಲ. ಸರಿಯಾದ ಅಳತೆಯ ಸ್ಪ್ಯಾನರು ಹಾಕಿ, ತಿಳಿದ ಕೈ ತಿರುಗಿಸಿದ ನಟ್ಟುಗಳು. ಒಳಗಿನ ತಿರುಪಿನ ಗೆರೆಗಳಲ್ಲಿ ಏನೋ ಹೊಳೆಯಿತು. ದಫೇದಾರ ಕಡ್ಡಿಯಿಂದ ಕೆರೆದು ಮೂಸಿ ನೋಡಿದ.

"ಗ್ರೀಸು. ಹೊಸಾದು" ಎಂದ. "ಬಿಚ್ಚಿ, ಗ್ರೀಸ್ ಹಚ್ಚಿ, ತುದೀಲಿ ಸಿಕ್ಕಿಸಿ ಬಿಟ್ಟಿದಾನೆ. ಬೀಳ್ಲಿ ಅಂತ ಬಿಡೋ ನಟ್ಟಿಗೆ ಗ್ರೀಸ್ ಯಾವನು ಹಚ್ತಾನೆ ಮೇಡಂ?"

ಬೇಕೆಂದು ಯಾರೂ ಹಚ್ಚುವುದಿಲ್ಲ. ಕೈ ತಾನಾಗಿ ಹಚ್ಚುತ್ತದೆ.

ಇನ್ಸ್‌ಪೆಕ್ಟರ್ ಈ ಹಿಂದೆ ಮನೆ ನೋಡಿ ಬೇಡವೆಂದವರ ನಂಬರುಗಳನ್ನು ಕನ್ನಡಕದಕ್ಕನಿಂದ ಪಡೆದು ಎಲ್ಲರಿಗೂ ಫೋನು ಮಾಡಲು ದಫೇದಾರನಿಗೆ ಹೇಳಿದಳು. ಒಬ್ಬ ಬೇಕರಿಯವನು, ಒಬ್ಬಳು ನರ್ಸು, ಹೊಸದಾಗಿ ಮದುವೆಯಾದ ಒಂದು ಜೋಡಿ. ಬೇಡವೆನ್ನಲು ಎಲ್ಲರಿಗೂ ಒಂದೇ ಕಾರಣ. ಕೆಳಗೆ ಗಾಡಿಗೆ ಗಾಳಿ ಹೊಡೆಸುವಾಗ ಸೈಕಲ್ ಅಂಗಡಿಯವನು, ನಿಮ್ಮ ಒಳ್ಳೆಯದಕ್ಕೆ ಹೇಳುತ್ತೇನೆ, ಆ ಗೋಡೆ ಬರುವ ಮಳೆಗಾಲಕ್ಕೆ ನಿಲ್ಲುವುದಿಲ್ಲ ಎಂದಿದ್ದ.

ಆಸ್ಪತ್ರೆಯಲ್ಲಿ ಪೋಸ್ಟ್‌ಮಾಸ್ಟರು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ನನಗೂ ಹೇಳಿದ್ದ ಎಂದರು. "ಆ ಗೋಡೆ ವಿಷಯ ಆಯಮ್ಮನೇ ಹೇಳಿದಾರಪ್ಪ, ಹೊಸಾದೇನಾದ್ರೂ ಇದ್ರೆ ಹೇಳು ಅಂದೆ. ಅಂಗಡಿಗೆ ವಾಪಸಾದ."

ಚಾಡಿ ನಡೆಯದ ಕಡೆ ಸ್ಪ್ಯಾನರು ನಡೆದಿದೆ. ಆದರೆ ಯಾಕೆ? ಹೊಸ ಮಾಲೀಕ ಅಂಗಡಿ ಬಿಡಿಸುತ್ತಾನೆ ಎಂಬ ಹೆದರಿಕೆಯೇ? ಅದನ್ನು ಕೇಳಲು ಮತ್ತೆ ಕನ್ನಡಕದಕ್ಕನಿಗೆ ಫೋನು ಮಾಡಿದಾಗ ಅವಳು ಕೊಟ್ಟ ಉತ್ತರ ಕೇಳಿ ಇನ್ಸ್‌ಪೆಕ್ಟರಿಗೆ ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಕೆಳಗಿನ ಅಂಗಡಿಯವರನ್ನು ಎಬ್ಬಿಸಕೂಡದು ಎಂದು ಅವಳು ಬಂದವರಿಗೆಲ್ಲ ಮೊದಲೇ ಷರತ್ತು ಹಾಕಿದ್ದಳಂತೆ. ಅದಕ್ಕೆ ಒಪ್ಪದ ಒಳ್ಳೆಯ ಗಿರಾಕಿಯೊಬ್ಬನನ್ನು ತಾನೇ ವಾಪಸು ಕಳಿಸಿದ್ದಳು. ಪೋಸ್ಟ್‌ಮಾಸ್ಟರು ಒಪ್ಪಿದ್ದರು. ಇದೆಲ್ಲ ಅವನಿಗೂ ಗೊತ್ತಿತ್ತು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಒಬ್ಬಳೇ ಸೈಕಲ್ ಅಂಗಡಿಗೆ ಹೋದಳು. ಅವನು ಮಗುವಿನ ಸೈಕಲ್ಲಿನ ಹಿಂದಿನ ಚಕ್ರ ಕೂರಿಸುತ್ತಿದ್ದ. ಪಕ್ಕದಲ್ಲೇ ಹುಡುಗಿಯ ಗಾಲಿಕುರ್ಚಿ ನಿಂತಿತ್ತು, ಕನ್ನಡಿಯಂತೆ ಒರೆಸಿ ಇಟ್ಟದ್ದು. ಅಕ್ಕನಿಗೆ ಹೀಗಾಗಬಾರದಿತ್ತು ಎಂದು ಮರುಗುತ್ತ, ಅವನು ಬೆರಳನ್ನು ಡಬ್ಬಿಗೆ ಅದ್ದಿ, ನೋಡದೆಯೇ ತಿರುಪಿನ ಗೆರೆಗೆ ಗ್ರೀಸು ಸವರಿ, ನಟ್ಟು ಹಾಕಿದ. ಇನ್ನೊಂದು ಕಡೆಗೂ ಹಾಗೆಯೇ. ಆ ಬೆರಳಿಗೆ ಒಡೆಯನ ಅಪ್ಪಣೆ ಬೇಕಿರಲಿಲ್ಲ.

ಅಲ್ಲಿಂದ ಅವಳು ಮಹಡಿಗೆ ಹೋದಳು. ಎರಡು ದಿನದಲ್ಲಿ ಠಾಣೆಯವರು ಬೀದಿಯ ನಾಯಿಯೊಂದನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದರು. ಮೆಟ್ಟಿಲಿನ ಮೇಲೇ ಕಿಟಕಿಯಿರುವ ಕೋಣೆಯಲ್ಲಿ ಮಲಗಿದ್ದವಳನ್ನು ಒಬ್ಬರೂ ಕೇಳಿರಲಿಲ್ಲ. ಕಾಲು ಬಾರದವಳಿಗೆ ಕಣ್ಣು ಕಿವಿಯೂ ಇಲ್ಲವೆಂಬಂತೆ. ಅದರಲ್ಲಿ ತಾನೂ ಸೇರಿದ್ದೇನೆ ಎಂಬುದು ಇನ್ಸ್‌ಪೆಕ್ಟರಿಗೆ ಚುಚ್ಚಿತು.

ಹುಡುಗಿ ತಾಯಿಯ ಹಾಗಲ್ಲ, ನೇರ ನೋಡಿದಳು.

"ಸದ್ದು ಕೇಳಿದ್ಯಾ?"

"ಕೆಳಗೆ ಸೈಕಲ್ ಅಂಗಡಿ ಮೇಡಂ. ದಿನವಿಡೀ ಅದೇ ಸದ್ದು."

"ಬುಧವಾರ ಆಸ್ಪತ್ರೆಗೆ ಹೋಗಿದ್ದೆ ಅಲ್ವಾ. ಹೇಗೆ ಇಳಿಸಿದರು?"

ಹುಡುಗಿ ಉತ್ತರಿಸಲು ಬಾಯಿ ತೆರೆದಳು. ಅವಳ ಕಣ್ಣು ಕಿಟಕಿಯಾಚೆ ಮೆಟ್ಟಿಲಿಗೆ ಹೋಯಿತು. 

"ಯಾವಾಗಲೂ ಮಾಮ ಬಲಗೈಲಿ ಕಂಬಿ ಹಿಡ್ಕೊಂಡು ಇಳೀತಾರೆ. ಈ ಸಲ ತಿರುವಿನ ತನಕ ಗೋಡೆಗೆ ಉಜ್ಕೊಂಡು ಇಳಿದ್ರು. ನನ್ನ ಮೊಣಕೈ ತರಚಿತು." ತೋಳು ತಿರುಗಿಸಿ ತೋರಿಸಿದಳು. ಗಾಯ ಇನ್ನೂ ಹಸಿಯಾಗಿತ್ತು. "ಯಾಕೆ ಮಾಮ ಅಂದೆ. ಕಂಬಿ ಬಿಸಿಲಿಗೆ ಕಾದಿದೆ ಪುಟ್ಟಿ ಅಂದ್ರು. ಅವತ್ತು ಬಿಸಿಲೇ ಇರಲಿಲ್ಲ."

ಅವಳು ಮತ್ತೆ ಮೊಣಕೈ ನೋಡಿಕೊಂಡಳು.

"ಅವಾಗಲೇ ಬಿಚ್ಚಿದ್ರಾ?"

ಇನ್ಸ್‌ಪೆಕ್ಟರ್ ಹೌದು ಎಂದಳು. ಈ ಹುಡುಗಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅಂಗಡಿ ಶೋಧನೆ. ಸ್ಪ್ಯಾನರುಗಳ ಚೀಲದಲ್ಲಿ ಒಂದರ ಬಾಯಿಗೆ ಹಸಿರು ಬಣ್ಣದ ಚೂರು ಅಂಟಿತ್ತು. ನಟ್ಟಿಗೆ ಹಿಡಿದು ನೋಡಿದರು. ಬೆರಳಿಗೆ ಉಂಗುರ ಕೂತಂತೆ ಕೂತಿತು. ಈ ಸಲ ಪಂಚರು ಬೇರೆ ಬೀದಿಯವರು. ಸೈಕಲ್ ಅಂಗಡಿಯವನು ಮೊದಲು ಎಲ್ಲರ ಹತ್ತಿರವೂ ಹಸಿರು ಬಣ್ಣ ಇರುತ್ತದೆ ಎಂದ. ಮೊಣಕೈಯ ಗಾಯದ ಮಾತು ಬಂದಾಗ ತಲೆ ತಗ್ಗಿಸಿದ.

"ಎರಡು ದಿನ ಆ ಮೆಟ್ಟಿಲ ಮೇಲೆ ಅವಳ ತಾಯಿ ಹತ್ತಿ ಇಳಿದಿದಾಳೆ. ಅವಳು ಬಿದ್ದಿದ್ರೆ?" ಇನ್ಸ್‌ಪೆಕ್ಟರ್ ಇಲ್ಲಿಯವರೆಗೆ ಅವನಿಗೆ ನೀವು ಎನ್ನುತ್ತಿದ್ದಳು. "ಹೇಳೋ. ಬಿದ್ದಿದ್ರೆ?"

"ಅಕ್ಕ ಬೀಳಲ್ಲ ಮೇಡಂ. ಕಂಬಿ ಹಿಡಿಯಲ್ಲ. ಯಾವಾಗಲೂ ಎರಡೂ ಕೈಲಿ ಸಾಮಾನು."

ಅಷ್ಟು ಗಮನವಿಟ್ಟು ನೋಡಿದ್ದಾನೆ. ಇನ್ಸ್‌ಪೆಕ್ಟರ್ ಕೈ ತಾನಾಗಿ ಎದ್ದಿತು, ದಫೇದಾರ ಕೆಮ್ಮಿದ, ಅವಳು ಕೈ ಇಳಿಸಿದಳು.

ಬಂಧನದ ಪತ್ರ ಬರೆಯುತ್ತಿದ್ದಾಗ ಬೀದಿ ತುಂಬಿತು. ಔಷಧಿ ಅಂಗಡಿಯವನು ಎಲ್ಲರಿಗಿಂತ ಜೋರಾಗಿ, ಅವನು ಆ ಮಗುವನ್ನು ಎರಡು ವರ್ಷ ಹೊತ್ತಿದ್ದಾನೆ, ನೀವು ಒಂದು ದಿನ ಹೊತ್ತು ನೋಡಿ ಎಂದು ಕೂಗಿದ. ಕನ್ನಡಕದಕ್ಕ ಮೇಲಿನಿಂದ ಇಳಿದು ಬಂದು ಸೈಕಲ್ ಅಂಗಡಿಯವನೆದುರು ನಿಂತಳು. ಆಮೇಲೆ ಹೇಳಿದ್ದು ಇಷ್ಟೇ: "ನನ್ನ ಕೇಳ್ಬೋದಿತ್ತಲ್ಲ. ಹೋಗಬೇಡ ಅಕ್ಕ ಅಂತ ಬಾಯಿಬಿಟ್ಟು ಕೇಳ್ಬೋದಿತ್ತು. ನನ್ನ ಮೇಲೆ ಕೇಸು ಬಿದ್ದಾಗ ಟಾರ್ಚ್ ಹಿಡಿದಿದ್ಯಲ್ಲೋ."

ಆಗ ಮೇಲೆ ಬಾಗಿಲು ಕಿರುಗುಟ್ಟಿತು. ಹುಡುಗಿ ನೆಲದ ಮೇಲೆ ತೆವಳುತ್ತ ಬಾಗಿಲಿಗೆ ಬಂದಿದ್ದಳು. ಸೈಕಲ್ ಅಂಗಡಿಯವನು ಪೊಲೀಸರ ನಡುವೆ ನಿಂತಿರುವುದನ್ನೇ ಮರೆತು ಒಂದು ಹೆಜ್ಜೆ ಮುಂದಿಟ್ಟು ಬೆನ್ನು ಬಗ್ಗಿಸಿದ.

"ಬಾ ಪುಟ್ಟಿ."

"ಬೇಡ. ಅಲ್ಲೇ ನಿಲ್ಲಿ."

ಅವಳು ಮೊದಲ ಮೆಟ್ಟಿಲ ಮೇಲೆ ಕುಂಡೆಯೂರಿ ಕೂತಳು. ಕೈಗಳಿಂದ ಕಾಲುಗಳನ್ನು ಒಂದೊಂದಾಗಿ ಎತ್ತಿ ಕೆಳಗಿನ ಮೆಟ್ಟಿಲಿಗಿಟ್ಟಳು. ಅಂಗೈ ಊರಿ ಮೈಯನ್ನು ಜಾರಿಸಿದಳು. ಮತ್ತೆ ಕಾಲು, ಮತ್ತೆ ಅಂಗೈ. ತಾಯಿ ಹತ್ತಲು ಹೋದಳು. ಹುಡುಗಿ ತಲೆಯಲ್ಲಾಡಿಸಿದಳು. ಕಂಬಿಯಿಲ್ಲದ ತಿರುವಿನಲ್ಲಿ ಗೋಡೆಗೊರಗಿ ಏದುಸಿರು ಬಿಟ್ಟಳು. ಲಂಗ ಧೂಳಾಯಿತು, ಅಂಗೈ ಕೆಂಪಾಯಿತು. ಇನ್ಸ್‌ಪೆಕ್ಟರಿಗೆ ಓಡಿಹೋಗಿ ಎತ್ತಿಕೊಳ್ಳಬೇಕೆನ್ನಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.  ಕೊನೆಯ ಮೆಟ್ಟಿಲಿಗೆ ಬಂದಾಗ ಹುಡುಗಿಯ ಮುಖದ ತುಂಬ ಬೆವರು, ಅಳು ಅಲ್ಲ, ಸಿಟ್ಟು.

"ಎರಡು ವರ್ಷ. ಕೂತು ಇಳೀಬೋದಾ ಅಂತ ಅವಾಗಲೇ ಕೇಳಿದ್ದೆ. ಬೀಳ್ತೀಯ ಅಂದ್ರಿ. ಮಾಮ ಇರೋವಾಗ ನಿಂಗ್ಯಾಕೆ ಕಷ್ಟ ಅಂದ್ರಿ. ಎಲ್ಲರೂ ಹೂಂ ಅಂದ್ರು." ಅಮ್ಮನ ಕಡೆ ತಿರುಗಿದಳು. "ನೀನೂ."

ಠಾಣೆಗೆ ಬಂದು ಹೇಳಿಕೆ ಕೊಡುತ್ತೇನೆ ಎಂದಳು. ಗಾಲಿಕುರ್ಚಿಯನ್ನು ದಫೇದಾರ ಅಂಗಡಿಯಿಂದ ಹೊರಗೆ ತಂದ.

ಮಧ್ಯಾಹ್ನದೊಳಗೆ ಕನ್ನಡಕದಕ್ಕನ ಹೆಸರನ್ನು ಪ್ರಕರಣದಿಂದ ಕೈಬಿಡಲು ವರದಿ ಹೋಯಿತು. ಪೋಸ್ಟ್‌ಮಾಸ್ಟರು ಹಾಸಿಗೆಯಿಂದಲೇ ಮನೆ ಕೊಳ್ಳುತ್ತೇನೆ ಎಂದರು. ಅಪ್ಪನ ಮೂಳೆ ಮುರಿದ ಮನೆ ಬೇಡ ಎಂದು ಮಗ ಎದ್ದುಹೋದ. ಅವನದೂ ತಪ್ಪೆನ್ನುವಂತಿರಲಿಲ್ಲ. ಆಸ್ಪತ್ರೆಯ ಹಿಂದಿನ ಮನೆಯವರಿಗೆ ಇನ್ಸ್‌ಪೆಕ್ಟರ್ ತಾನೇ ಫೋನು ಮಾಡಿ ಸೋಮವಾರದ ತನಕ ತಾಳಿ ಎಂದು ಬೇಡಿಕೊಂಡಳು. ಪೊಲೀಸ್ ಕೇಸಿನ ಸಹವಾಸ ನಮಗೆ ಬೇಡಮ್ಮ, ಬೇರೆಯವರಿಗೆ ಮಾತು ಕೊಟ್ಟಾಯಿತು ಎಂದರು. ಕನ್ನಡಕದಕ್ಕ ಇದನ್ನು ಕೇಳಿ, ಸರಿ, ಇನ್ನೊಂದು ನೋಡೋಣ, ಆದರೆ ಇನ್ನು ಮೇಲೆ ಮೇಲಿನ ಕಂಬಿಗೂ ಜೋತುಬೀಳಬೇಕು ಎಂದಳು. ನಗು ಬರಲಿಲ್ಲ, ಅವಳಿಗೂ.

ಸಂಜೆ ಸೈಕಲ್ ಅಂಗಡಿಯವನ ಹೇಳಿಕೆ ದಾಖಲಾಯಿತು. ಕೊಲ್ಲುವ ಯೋಚನೆ ಇರಲಿಲ್ಲ, ಕಂಬಿ ಅಲುಗಿದರೆ ಹೆದರಿ ಬಿಟ್ಟುಹೋಗುತ್ತಾರೆ ಅಂದುಕೊಂಡಿದ್ದೆ ಎಂದ. ಮೂವತ್ತು ವರ್ಷ ಆ ಮೂಲೆಯಲ್ಲಿ ಕೂತಿದ್ದಾನೆ. ಮದುವೆಯಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಬೀದಿಗೆ ಅವನು 'ಏಯ್ ಪಂಕ್ಚರ್' ಆಗಿದ್ದ. ಹುಡುಗಿಯನ್ನು ಮೊದಲ ಬುಧವಾರ ಹೊತ್ತು ಇಳಿಸಿದ ದಿನ ಔಷಧಿ ಅಂಗಡಿಯವನು ಎದ್ದು ನಿಂತು, ಅಣ್ಣಾ ಬನ್ನಿ, ಚಹಾ ಕುಡಿಯಿರಿ ಎಂದು ಕುರ್ಚಿ ಕೊಟ್ಟಿದ್ದ. ಅಲ್ಲಿಂದ ಅಣ್ಣ ಆದ, ಮಾಮ ಆದ. ಅವರು ಹೊರಟುಹೋದರೆ ಮಾರನೇ ದಿನದಿಂದ ಮತ್ತೆ ಪಂಕ್ಚರ್ ಎಂದು ಹೇಳಿ ಅಂಗೈ ನೋಡಿಕೊಂಡ.

ಇನ್ಸ್‌ಪೆಕ್ಟರ್ ಎಲ್ಲವನ್ನೂ ಬರೆದುಕೊಂಡಳು. ಅಯ್ಯೋ ಅನ್ನಿಸಲಿಲ್ಲವೆಂದಲ್ಲ, ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಓದಿ ಹೇಳಿ, ಸಹಿಗೆ ಹಾಳೆ ತಿರುಗಿಸಿದಾಗ ಅವನು ಪೆನ್ನು ಹಿಡಿದು ತಡೆದ.

"ಮೇಡಂ, ಬರೋ ಬುಧವಾರ ಪುಟ್ಟೀನ ಯಾರು ಇಳಿಸ್ತಾರೆ?"

ಅವಳು ಅವನ ಮುಖ ನೋಡಿದಳು. ಅದರಲ್ಲಿ ನಾಟಕವಿರಲಿಲ್ಲ, ನಿಜವಾದ ಕಳವಳವಿತ್ತು. ಬೆಳಿಗ್ಗೆ ಆ ಹುಡುಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದದ್ದನ್ನು ಎಲ್ಲರಿಗಿಂತ ಹತ್ತಿರ ನಿಂತು ನೋಡಿದವನು ಅವನೇ.

ಅವಳು ಹಾಳೆಯನ್ನು ವಾಪಸು ಎಳೆದುಕೊಂಡು, ಆ ಪ್ರಶ್ನೆಯನ್ನೂ ಹೇಳಿಕೆಯ ಕೊನೆಗೆ ಸೇರಿಸಿದಳು, ಅವನ ಮಾತಿನಲ್ಲೇ, ಒಂದಕ್ಷರ ಬದಲಿಸದೆ. ಆಮೇಲೆ ಸಹಿ ಹಾಕು ಎಂದಳು.